ಷರತ್ತು ತೆಗೆಯೋಕೆ ಫಾರ್ಮೇ ಇಲ್ಲದ ಮುಂಡಗೋಡ

ಕಳೆದ ತಿಂಗಳು ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ನಾವಿಬ್ಬರೂ ಹುಬ್ಬಳ್ಳಿಯಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು. ನಾನು ಹಳಿಯಾಳದವನು, ಅವನು ಕ್ಯಾಂಪಿನವನು. ಅವನ ಕನ್ನಡ ನನ್ನ ಕನ್ನಡಕ್ಕಿಂತ ಹೆಚ್ಚು ಜವಾರಿ. ಊಟ ಮಾಡ್ತಾ ಇರುವಾಗ ನ್ಯೂಯಾರ್ಕಿನಿಂದ ಅವನ ಅಕ್ಕನ ಫೋನು ಬಂತು. ಆಕೆ ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಹೋದವಳು. ಮದುವೆಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲವಾದ್ದರಿಂದ ಅಲ್ಲಿಯ ಕಾನೂನಿನಂತೆ ಮೊದಲು ಷರತ್ತಿನ ಗ್ರೀನ್ ಕಾರ್ಡ್ ಕೊಟ್ಟರು. ಅದರ ಅವಧಿ ಎರಡು ವರ್ಷ. ಮುಗಿಯುವ ಮುಂಚಿನ 90 ದಿನಗಳಲ್ಲಿ 'ಐ-751' ಅನ್ನೋ ಅರ್ಜಿ ಹಾಕಿ, ನಮ್ಮ ಮದುವೆ ನಿಜವಾದದ್ದು, ಷರತ್ತು ತೆಗೀರಿ ಎಂದು ಕೇಳಬೇಕು. ಆಕೆ ಕೇಳಿದ್ದಾಳೆ. ಉತ್ತರ ಬಂದಿಲ್ಲ. ಫೋನಿನಲ್ಲಿ ಅದೇ ಗೋಳು.

ಟಿಬೆಟನ್ ಭಾಷೆಯಲ್ಲಿ ಮಾತು ಮುಗಿಸಿ ಅವನು ನನ್ನ ಕಡೆ ತಿರುಗಿದ. "ಅಕಿಗಾದ್ರ ಷರತ್ತು ತೆಗೀರಿ ಅಂತ ಕೇಳಾಕ ಒಂದು ಫಾರ್ಮ್ ಐತಿ ದೋಸ್ತ. ನಮಗ ಅದೂ ಇಲ್ಲ."

ಅಮೆರಿಕದ ಆ ಸಾಲು ಎಷ್ಟು ಉದ್ದವಾಗಿದೆ ಎಂದರೆ, 2023ರ ಜನವರಿಯಿಂದ ಅಲ್ಲಿಯ ವಲಸೆ ಇಲಾಖೆ ಈ ಅರ್ಜಿ ಹಾಕಿದವರ ಕಾರ್ಡಿನ ಅವಧಿಯನ್ನು ಸ್ವೀಕೃತಿ ಪತ್ರದಲ್ಲೇ 48 ತಿಂಗಳು ವಿಸ್ತರಿಸುತ್ತಿದೆ. ಎರಡು ವರ್ಷದ ಕಾರ್ಡು, ಅದರ ತೀರ್ಮಾನಕ್ಕೆ ನಾಲ್ಕು ವರ್ಷದ ವಾಯಿದೆ! ಅದು ಅನ್ಯಾಯವೇ, ಅನುಮಾನವಿಲ್ಲ. ಆದರೆ ಆ ಸ್ವೀಕೃತಿ ಪತ್ರ ಜೇಬಲ್ಲಿದ್ದರೆ ಆಕೆ ಕೆಲಸ ಮಾಡಬಹುದು, ಊರಿಗೆ ಬಂದು ಹೋಗಬಹುದು. ತಡ ಮಾಡಿದ್ದು ಸರ್ಕಾರ, ಅದರ ಹೊರೆ ನಿಮ್ಮ ಮೇಲೆ ಬೀಳಬಾರದು ಅನ್ನೋ ಮಟ್ಟದ ಸಂಕೋಚವಾದರೂ ಆ ವ್ಯವಸ್ಥೆಗಿದೆ. ಈಗ ಆಕೆಯ ತಮ್ಮನ ಕಥೆಗೆ ಬರ್ತೀನಿ.

ಅವನು ಹುಟ್ಟಿದ್ದು 1996ರಲ್ಲಿ, ಮುಂಡಗೋಡದಲ್ಲಿ. ಅವನ ಅವ್ವ ಹುಟ್ಟಿದ್ದು 1970ರಲ್ಲಿ, ಅದೇ ಕ್ಯಾಂಪಿನಲ್ಲಿ. ಅಜ್ಜಿಯನ್ನು ಅವನು 'ಮೋಲಾ' ಅಂತಾನೆ. ದಲೈಲಾಮಾ 1959ರಲ್ಲಿ ಭಾರತಕ್ಕೆ ಬಂದ ಮೇಲೆ ಗಡಿ ದಾಟಿದವರಲ್ಲಿ ಅವಳೂ ಒಬ್ಬಳು. 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡದ ಹತ್ತಿರ ಸುಮಾರು 4,000 ಎಕರೆ ಜಾಗದಲ್ಲಿ ಡೋಗುಲಿಂಗ್ ವಸತಿ ಶುರುವಾಯಿತು. ಕಾಡು ಕಡಿದು, ಆನೆ ಓಡಿಸಿ, ಗೋವಿನಜೋಳ ಬೆಳೆಯೋದು ಕಲಿತಿದ್ದನ್ನು ಮೋಲಾ ಇವತ್ತಿಗೂ ಹೇಳ್ತಾಳೆ. ಗಾಡೆನ್, ಡ್ರೆಪುಂಗ್ ಮಠಗಳು ಇಲ್ಲಿಯೇ ಮತ್ತೆ ಎದ್ದು ನಿಂತವು. ಚಳಿಗಾಲದಲ್ಲಿ ಪೇಟೆಗಳಲ್ಲಿ ಸ್ವೆಟರ್ ಅಂಗಡಿ ಹಾಕುವ ಟಿಬೆಟನ್ನರನ್ನು ನಾವೆಲ್ಲ ನೋಡಿದ್ದೇವೆ, ಚೌಕಾಸಿ ಮಾಡಿದ್ದೇವೆ.

ಮೂರು ತಲೆಮಾರು. ಆದರೂ ಕಾಗದದ ಮೇಲೆ ಅವನು ವಿದೇಶಿ. ಅವನ ಹತ್ತಿರ ಇರೋದು ನೋಂದಣಿ ಪ್ರಮಾಣಪತ್ರ. ಕ್ಯಾಂಪಿನಲ್ಲಿ ಎಲ್ಲರೂ 'ಆರ್‌ಸಿ' ಅಂತಾರೆ. ನಮಗೆ ಆರ್‌ಸಿ ಅಂದ್ರೆ ಬೈಕಿನ ಕಾಗದ, ಅವರಿಗೆ ಅದು ಮನುಷ್ಯರ ಕಾಗದ. 16 ವರ್ಷ ತುಂಬಿದ ಕೂಡಲೇ ಮಾಡಿಸಬೇಕು. ಹಿಂದೆ ವರ್ಷ ವರ್ಷ ನವೀಕರಿಸಬೇಕಿತ್ತು. ಈಗ ಇಲ್ಲೇ ಹುಟ್ಟಿದವರಿಗೆ, ದೀರ್ಘಕಾಲದಿಂದ ಇರುವವರಿಗೆ ಐದು ವರ್ಷಕ್ಕೊಮ್ಮೆ. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ, ಅಂದರೆ ನೆಲೆಯ ಪ್ರಶ್ನೆ ಪೊಲೀಸ್ ಇಲಾಖೆಯ ಪ್ರಶ್ನೆ. ವಿದೇಶಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟ್ ಬದಲು 'ಐಸಿ' ಎಂಬ ಹಳದಿ ಪುಸ್ತಕ, ಜೊತೆಗೆ ಹೊರಹೋಗುವ ಪರವಾನಗಿ, ವಾಪಸ್ ಬರಲು ನಮ್ಮ ಅಭ್ಯಂತರವಿಲ್ಲ ಅನ್ನೋ ಮುದ್ರೆ. ಸ್ವಂತ ಮನೆಗೆ ಮರಳಲು ಅಭ್ಯಂತರವಿಲ್ಲದ ಮುದ್ರೆ! ಮತ ಇಲ್ಲ, ಸರ್ಕಾರಿ ನೌಕರಿ ಇಲ್ಲ. ಮನೆ ನಿಂತಿರುವ ಜಾಗವೂ ಕುಟುಂಬದ ಹೆಸರಲ್ಲಿಲ್ಲ.

ಇಷ್ಟು ಕೇಳಿದವರು "ಪಾಪ, ನಿರಾಶ್ರಿತರು, ಕಾನೂನೇ ಹಾಗಿದೆ" ಅಂತ ಸುಮ್ಮನಾಗ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಕಾನೂನು ಹಾಗಿಲ್ಲ.

1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ತೆಗೆದು ನೋಡಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ತಂದೆ ತಾಯಿ ಯಾವ ದೇಶದವರು ಅನ್ನೋ ಪ್ರಶ್ನೆಯೇ ಇಲ್ಲ. ಹಾಗಾಗಿ 1970ರಲ್ಲಿ ಮುಂಡಗೋಡದಲ್ಲಿ ಹುಟ್ಟಿದ ಗೆಳೆಯನ ಅವ್ವ ಭಾರತೀಯಳು. 1987ರ ಜುಲೈನಿಂದ 2004ರ ಡಿಸೆಂಬರ್ ಆರಂಭದವರೆಗೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರು ಭಾರತದ ಪ್ರಜೆಯಾಗಿದ್ದರೆ ಸಾಕು. ಅವ್ವ ಪ್ರಜೆ ಅಂದ ಮೇಲೆ 1996ರಲ್ಲಿ ಹುಟ್ಟಿದ ಮಗನೂ ಪ್ರಜೆ. ಅವನು ಪೌರತ್ವ ಬೇಡಬೇಕಾಗಿಲ್ಲ, ಹುಟ್ಟಿದ ದಿನವೇ ಬಂದಿದೆ. ಸಂಸತ್ತು ಮಾಡಿದ ಕಾನೂನನ್ನು ಇದ್ದಂಗೆ ಓದಿದರೆ ಸಿಗುವ ಅರ್ಥ ಇದು.

ನ್ಯಾಯಾಲಯಗಳೂ ಹೀಗೇ ಓದಿವೆ. 1986ರಲ್ಲಿ ಹಿಮಾಚಲದಲ್ಲಿ ಹುಟ್ಟಿದ ನಾಮ್‌ಗ್ಯಾಲ್ ಡೋಲ್ಕರ್ ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಿದ್ದು ತಪ್ಪು ಎಂದು ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ಹೇಳಿತು. ಆರ್‌ಸಿ ಇಟ್ಟುಕೊಂಡಿದ್ದೀರಿ, ನೀವೇ ಟಿಬೆಟನ್ ಅಂತ ಬರೆದುಕೊಂಡಿದ್ದೀರಿ ಅನ್ನೋ ಸರ್ಕಾರದ ವಾದ ಅಲ್ಲಿ ನಿಲ್ಲಲಿಲ್ಲ. 2013ರಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟ್ ಅದೇ ದಾರಿ ಹಿಡಿಯಿತು. ಅಲ್ಲಿ ಅರ್ಜಿದಾರರಾಗಿದ್ದವರು ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ಓದಿ ಬೆಳೆದ ಲಿಂಗ್ ರಿಂಪೋಚೆ. 2014ರ ಲೋಕಸಭಾ ಚುನಾವಣೆಗೆ ಮುಂಚೆ ಚುನಾವಣಾ ಆಯೋಗ, ಆ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದು ಸೂಚನೆ ಕೊಟ್ಟಿತು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ, ಇನ್ನಷ್ಟು ಖಡಾಖಂಡಿತವಾಗಿ, ಪಾಸ್‌ಪೋರ್ಟ್ ಕೊಡಿ ಅಂದಿತು. 2017ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕಚೇರಿಗಳಿಗೆ ಪತ್ರ ಬರೆದು ಒಪ್ಪಿಕೊಂಡಿತು.

ಮೂರೇ ತಿಂಗಳು. ಆ ವರ್ಷದ ಜೂನ್‌ನಲ್ಲಿ ಷರತ್ತುಗಳು ಬಂದವು. ಪಾಸ್‌ಪೋರ್ಟ್ ಬೇಕಿದ್ದವರು ಆರ್‌ಸಿ ಮತ್ತು ಐಸಿ ಎರಡನ್ನೂ ವಾಪಸ್ ಕೊಡಬೇಕು. ಟಿಬೆಟನ್ ಆಡಳಿತದಿಂದ ಬರುವ ಸವಲತ್ತು, ಸಬ್ಸಿಡಿ ಬಿಡಬೇಕು. ಮತ್ತು ಟಿಬೆಟನ್ನರಿಗೆಂದು ಗೊತ್ತುಪಡಿಸಿದ ವಸತಿಯಲ್ಲಿ ಇರಬಾರದು.

ಕೊನೆಯ ಷರತ್ತನ್ನು ಮತ್ತೊಮ್ಮೆ ಓದಿ. ನೀನು ಈ ದೇಶದವನು ಎಂದು ಒಪ್ಪಿಕೊಳ್ಳುತ್ತೇವೆ, ಆದರೆ ನೀನು ಹುಟ್ಟಿದ ಮನೆ ಖಾಲಿ ಮಾಡು. ಆರ್‌ಸಿ, ಐಸಿ ವಾಪಸ್ ಕೇಳೋದು ಸರಿ, ಪ್ರಜೆಗೆ ವಿದೇಶಿಯ ಕಾಗದ ಯಾಕೆ? ಸವಲತ್ತಿನ ವಿಷಯವನ್ನೂ ಚರ್ಚೆ ಮಾಡಬಹುದು. ಆದರೆ ಹುಟ್ಟಿನಿಂದ ಬಂದ ಪೌರತ್ವಕ್ಕೆ ಮನೆ ಬಿಡುವ ಷರತ್ತು ಕಾಯ್ದೆಯ ಯಾವ ಸೆಕ್ಷನ್‌ನಲ್ಲೂ ಇಲ್ಲ. ಸಂಸತ್ತು ಹಾಕದ ಷರತ್ತನ್ನು ಕಚೇರಿ ಹಾಕಿತು. ಚುನಾವಣಾ ಆಯೋಗ ಮತ ಕೊಡುವಾಗ ಮೊದಲು ಕ್ಯಾಂಪ್ ಬಿಟ್ಟು ಬನ್ನಿ ಅನ್ನಲಿಲ್ಲ. ಮತ ಹಾಕಲು ಆಗುವ ವಿಳಾಸ ಪಾಸ್‌ಪೋರ್ಟಿಗೆ ಆಗಲ್ಲ ಅಂದ್ರೆ ಅದರ ಹಿಂದಿನ ತರ್ಕ ಏನು?

ತರ್ಕ ಇದೆ, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ. ವಸತಿಗಳ ಜಮೀನು ನಿರಾಶ್ರಿತರಿಗೆಂದು ಕೊಟ್ಟದ್ದು. 2014ರ ಟಿಬೆಟನ್ ಪುನರ್ವಸತಿ ನೀತಿ ಕೂಡ ಅದನ್ನು ಗುತ್ತಿಗೆಯ ಲೆಕ್ಕದಲ್ಲೇ ಇಟ್ಟಿದೆ. ಅಲ್ಲಿರುವವರೆಲ್ಲ ಪ್ರಜೆಗಳಾದರೆ ಆ ಜಮೀನಿನ ಗತಿಯೇನು? ಟಿಬೆಟ್ ಪ್ರಶ್ನೆಯ ಗತಿಯೇನು? ಪ್ರಶ್ನೆಗಳು ನಿಜವೇ. ಆದರೆ ಅದಕ್ಕೆ ಉತ್ತರ ಹುಡುಕಬೇಕಾದ್ದು ಸರ್ಕಾರ. ಅದು ಹುಡುಕದೇ ಕೂತಿರುವುದರ ಖರ್ಚನ್ನು ಒಬ್ಬ ಹುಡುಗ ತನ್ನ ಮನೆ ಬಿಟ್ಟು ಯಾಕೆ ತುಂಬಬೇಕು?

ಕ್ಯಾಂಪಿನೊಳಗೂ ಎಲ್ಲರೂ ಪಾಸ್‌ಪೋರ್ಟಿಗಾಗಿ ತುದಿಗಾಲಲ್ಲಿ ನಿಂತಿದ್ದಾರೆ ಅಂತ ನಾನು ಹೇಳಿದರೆ ಸುಳ್ಳಾಗುತ್ತೆ. ಹಿರಿಯರಲ್ಲಿ ಅನೇಕರಿಗೆ ಆರ್‌ಸಿ ಅಂದ್ರೆ ನಾವು ವಾಪಸ್ ಹೋಗುವವರು ಅನ್ನೋದಕ್ಕೆ ಸಾಕ್ಷಿ. ಅದನ್ನು ಬಿಟ್ಟರೆ ಟಿಬೆಟನ್ನೇ ಬಿಟ್ಟಂತೆ. ಈ ಮಾತನ್ನು ಹಗುರವಾಗಿ ತಗೋಬಾರದು. ಆದರೆ ಬೇಡ ಅನ್ನೋದಕ್ಕೂ ಮೊದಲು ಅದು ಕೈಗೆ ಸಿಗೋ ಹಂಗಿರಬೇಕು ಅಲ್ವಾ? ಈಗಿರೋದು ಆಯ್ಕೆ ಅಲ್ಲ. ಕ್ಯಾಂಪಿನ ಹುಡುಗ ಹುಡುಗಿಯರು ಯುರೋಪು, ಅಮೆರಿಕ, ಕೆನಡಾ ಅಂತ ಹೋಗ್ತಾನೇ ಇದ್ದಾರೆ. ಅಮೆರಿಕ 1990ರ ವಲಸೆ ಕಾಯ್ದೆಯಲ್ಲೇ ಭಾರತ ಮತ್ತು ನೇಪಾಳದ ಟಿಬೆಟನ್ನರಿಗೆ 1,000 ವೀಸಾ ಮೀಸಲಿಟ್ಟಿತ್ತು. ದಾರಿ ಅಲ್ಲಿಂದ ಬಿದ್ದಿದ್ದು. ಹುಟ್ಟಿದ ನೆಲದಲ್ಲಿ ಸಿಗದ ನೆಲೆಯನ್ನು ನ್ಯೂಯಾರ್ಕಿನಲ್ಲಿ ಷರತ್ತಿನ ಮೇಲಾದರೂ ಪಡೀತಾರೆ.

ಇನ್ನೊಂದು ಮಾತಿದೆ, ಅದನ್ನು ಬಿಟ್ಟು ಈ ಲೇಖನ ಬರೆದರೆ ನಮ್ಮ ಕಡೆಯವರು ನನ್ನನ್ನು ಸುಮ್ನೆ ಬಿಡಲ್ಲ. ಮುಂಡಗೋಡ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ನಿಂತರೆ ಕೇಳುತ್ತೆ: "ಹೊರಗಿನವರಿಗೆ ಸಾವಿರಾರು ಎಕರೆ ಕೊಟ್ರು, ನಾವು ಇಲ್ಲೇ ಹುಟ್ಟಿದವ್ರು, ನಮಗ ಒಂದು ಎಕರೆ ಪಟ್ಟಾ ಇಲ್ಲ." ಈ ಸಿಟ್ಟನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕೋದು ಸುಲಭ. ಆದರೆ ಜೋಯಿಡಾ, ದಾಂಡೇಲಿ, ಹಳಿಯಾಳದ ಕಾಡಂಚಿಗೆ ಹೋಗಿ ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದರೆ ಸಾಕು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳು ಈ ಲೆಕ್ಕಕ್ಕೆ ಬರ್ತಾರೆ. ಉಳಿದ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಇದ್ದದ್ದಕ್ಕೆ ಪುರಾವೆ ಕೊಡಬೇಕು. ಜೋಯಿಡಾದ ಕುಣಬಿಗಳು, ಎಮ್ಮೆ ಸಾಕುವ ಗೌಳಿಗಳು ಈ ಎರಡನೇ ಸಾಲಿನಲ್ಲಿ ನಿಂತಿದ್ದಾರೆ. 2005ರಿಂದ 75 ವರ್ಷ ಹಿಂದಕ್ಕೆ ಹೋದರೆ 1930. ಆಗ ಈ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಕಾಡಿನ ಗುಡಿಸಲಿನಲ್ಲಿದ್ದ ಅಜ್ಜನ ಹೆಸರನ್ನು ಯಾರು ಯಾವ ದಫ್ತರದಲ್ಲಿ ಬರೆದಿಟ್ಟಿದ್ದರು? ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಿ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 13ರಂದು ಹೇಳಿತು, 28ರಂದು ತನ್ನ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ಆ ತಡೆಯಾಜ್ಞೆ ಬಂದ ಮೇಲೂ ಪಟ್ಟಾ ಇಲ್ಲದವರ ಎದೆಯಿಂದ ಆ ಹದಿನೈದು ದಿನದ ಭಯ ಹೋಗಿಲ್ಲ.

ಮತ ಇದೆ, ಆಧಾರ್ ಇದೆ, ಪಾಸ್‌ಪೋರ್ಟ್ ಬೇಕೆಂದರೆ ಸಿಗುತ್ತೆ, ಕಾಲ ಕೆಳಗಿನ ನೆಲ ಮಾತ್ರ 'ಅತಿಕ್ರಮಣ': ಇದು ಜೋಯಿಡಾದ ಗೌಳಿಯ ಪಾಡು. ಇರಲು ನೆಲ ಇದೆ, ದೇಶ ಇಲ್ಲ: ಇದು ಮುಂಡಗೋಡದ ನನ್ನ ಗೆಳೆಯನ ಪಾಡು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ಅವನಿಗೆ ಸಿಕ್ಕಿತು, ನನಗೆ ಸಿಗಲಿಲ್ಲ ಅಂತ ಕರುಬುವಂತೆ ಆಗಿದೆ. ಯಾವುದೋ ಟೇಬಲ್ಲಿನ ಮೇಲೆ ಇಬ್ಬರ ಫೈಲೂ ಕೂತಿದೆ ಅನ್ನೋದನ್ನು ಬಸ್ ಸ್ಟ್ಯಾಂಡಿನ ಮಾತು ಮರೆಸಿಬಿಡುತ್ತೆ.

ಈ ಮಧ್ಯೆ ಕಾನೂನಿನ ಪುಸ್ತಕಗಳು ಬದಲಾದವು. 2019ರ ಪೌರತ್ವ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಬೌದ್ಧರಿಗೂ ದಾರಿ ಮಾಡಿತು. ಸಿಂಧನೂರಿನ ಬಂಗಾಳಿ ಕ್ಯಾಂಪುಗಳಲ್ಲಿ ಅದು ಸುದ್ದಿಯಾಯಿತು. ಆದರೆ ಈ ರಾಜ್ಯದ ಅತಿ ದೊಡ್ಡ ಬೌದ್ಧ ಮಠಗಳಿರುವ ಮುಂಡಗೋಡ, ಬೈಲಕುಪ್ಪೆಗಳಿಗೆ ಅದರಲ್ಲಿ ಏನೂ ಇರಲಿಲ್ಲ, ಯಾಕಂದ್ರೆ ಪಟ್ಟಿಯಲ್ಲಿ ಚೀನಾ ಇಲ್ಲ. 2025ರ ಸೆಪ್ಟೆಂಬರ್ 1ರಿಂದ 1946ರ ವಿದೇಶಿಯರ ಕಾಯ್ದೆ ಹೋಗಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂತು. ಜೊತೆಗೆ ಬಂದ ವಿನಾಯಿತಿ ಆದೇಶದಲ್ಲಿ ನೋಂದಾಯಿತ ಟಿಬೆಟನ್ನರ ಹೆಸರೂ ಇದೆ. ಒಳ್ಳೆಯದೇ. ಆದರೆ ವಿನಾಯಿತಿ ಅಂದ್ರೆ ಶಿಕ್ಷೆಯಿಂದ ವಿನಾಯಿತಿ, ನೆಲೆ ಅಲ್ಲ.

ಆಗಬೇಕಾದ್ದು ಏನು? ಹೊಸ ಕಾಯ್ದೆ ಬೇಡ. 1987ಕ್ಕೆ ಮೊದಲು ಹುಟ್ಟಿದವರನ್ನೂ, 2004ರವರೆಗೆ ಅವರಿಗೆ ಹುಟ್ಟಿದ ಮಕ್ಕಳನ್ನೂ ಪ್ರಜೆಗಳೆಂದು ಒಪ್ಪಿಕೊಂಡು, ಎಷ್ಟು ದಿನದಲ್ಲಿ ಪಾಸ್‌ಪೋರ್ಟ್ ಅರ್ಜಿ ಇತ್ಯರ್ಥ ಅಂತ ಗಡುವು ಹಾಕಲಿ. ಕ್ಯಾಂಪ್ ಬಿಡುವ ಷರತ್ತು ಹೋಗಲಿ. ವಸತಿಯ ಜಮೀನು ಯಾರದ್ದು ಅನ್ನೋದನ್ನು ರಾಜ್ಯ ಸರ್ಕಾರ ಬೇರೆಯಾಗಿ, ಕಾಡಂಚಿನ ಪಟ್ಟಾ ಪ್ರಶ್ನೆಯ ಜೊತೆಯಲ್ಲೇ, ಕೂತು ಮಾತಾಡಲಿ. ಆರ್‌ಸಿ ಇಟ್ಟುಕೊಳ್ಳುವವರಿಗೆ ನವೀಕರಣದ ಅರ್ಜಿ ಹಾಕಿದ ರಸೀದಿಯೇ ತೀರ್ಮಾನದವರೆಗೆ ಚಾಲ್ತಿ ಎಂದಾಗಲಿ. ಅಮೆರಿಕದಿಂದ ಕಲಿಯಬೇಕಾದ್ದು ಅದೊಂದೇ.

ಗೆಳೆಯ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಂಪನಿಯವರು ಆರು ತಿಂಗಳ ಮಟ್ಟಿಗೆ ಜರ್ಮನಿಗೆ ಕಳಿಸ್ತೀವಿ, ಪಾಸ್‌ಪೋರ್ಟ್ ಕೊಡು ಅಂದಿದ್ದಾರೆ. ಐಸಿ ಹಿಡಿದು ಓಡಾಡುವಷ್ಟು ಟೈಮ್ ಇಲ್ಲ. ಅವನ ಟೇಬಲ್ಲಿನ ಮೇಲೆ ಎರಡು ಫೈಲ್ ಇವೆ. ಒಂದರಲ್ಲಿ ಅವ್ವನ ಜನನ ಪ್ರಮಾಣಪತ್ರ, ಅವನದ್ದು, ಹೈಕೋರ್ಟ್ ಆದೇಶದ ಜೆರಾಕ್ಸ್. ಇನ್ನೊಂದರಲ್ಲಿ ಆರ್‌ಸಿ ನವೀಕರಣದ ಕಾಗದ. ಮುಂದಿನ ಏಪ್ರಿಲ್‌ಗೆ ಅದು ಮುಗಿಯುತ್ತೆ. ಮೊದಲ ಫೈಲ್ ಹಿಡಿದು ಹೊರಟರೆ ಮನೆ ಬಿಟ್ಟುಕೊಡಬೇಕಾದೀತು, ಮೋಲಾಗೆ 80 ದಾಟಿದೆ.

ಯಾವುದು ಹಾಕ್ತೀಯ ಅಂತ ಕೇಳಿದೆ. ಮೋಲಾ ಒಳಗಿಂದ ಬೆಣ್ಣೆ ಚಹಾ ತಂದಿಟ್ಟು ಅವನಿಗೆ ಏನೋ ಹೇಳಿದಳು. "ಲೋಸರ್ ಹಬ್ಬ ಮುಗೀಲಿ, ಆಮ್ಯಾಲ ನೋಡೂಣು ಅನ್ನಾಕತ್ತಾಳ" ಅಂತ ಅವನು ನಕ್ಕ. ಎರಡೂ ಫೈಲ್ ಎತ್ತಿ ಕಪಾಟಿನ ಮೇಲಿಟ್ಟ.