ಕೇಳಬಾರದಿದ್ದ ಲೆಕ್ಕ

ಮನೆಯ ಜಮಾಖರ್ಚಿನ ವಹಿಯನ್ನು ನೋಡುವಾಗ ಯಾರ ಕೈಯಿಂದ ಹೆಚ್ಚು ಹಣ ವೆಚ್ಚವಾಗಿರುವುದೋ ಅವರನ್ನೇ ಮೊದಲು ವಿಚಾರಿಸುವುದು ಗೃಹಸ್ಥರ ವಾಡಿಕೆ. ಬ್ರಿಟಿಷರ ಕಾಲದಲ್ಲಿ ನಮ್ಮ ಪ್ರಾಂತದ ವಹಿಗೆ ಇದಕ್ಕೆ ವಿಪರೀತವಾದ ನಿಯಮವಿದ್ದಿತು. ಬೆಳಗಾವಿಯೂ ಖಾನಾಪುರವೂ 1956ರ ವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದುದನ್ನು ವಾಚಕರು ಬಲ್ಲರು. ಆ ಮುಂಬಯಿಯ ಗವರ್ನರರ ವೇತನವು ಯಾರ ಗಂಟಿನಿಂದ ಸಲ್ಲುತ್ತಿದ್ದಿತೆಂಬುದನ್ನು ಈ ತಿಂಗಳು ವಿಚಾರಿಸುವೆವು.

ಕಂಪನಿ ಸರಕಾರದ 1833ರ ಸನದು ಕಾಯಿದೆಯು ಗವರ್ನರರಿಗೆ ವರ್ಷಕ್ಕೆ 1,20,000 ಸಿಕ್ಕಾ ರೂಪಾಯಿಗಳನ್ನು ಗೊತ್ತುಮಾಡಿದ್ದಿತು. 1935ರ ಕಾಯಿದೆಯು ಮುಂಬಯಿಯ ಗವರ್ನರರಿಗೆ ಗೊತ್ತುಮಾಡಿದ್ದೂ 1,20,000 ರೂಪಾಯಿಗಳನ್ನೇ. ಎಂದರೆ ತಿಂಗಳಿಗೆ 10,000. ಭತ್ಯಗಳು ಇದರಿಂದ ಹೊರತು. ಅವುಗಳನ್ನು ನಿರ್ಣಯಿಸುವ ಅಧಿಕಾರವು ಲಂಡನ್ನಿನಲ್ಲಿದ್ದಿತು. ಗವರ್ನರರು ತಮ್ಮ ಕರ್ತವ್ಯವನ್ನು ಸೌಕರ್ಯದಿಂದಲೂ ಘನತೆಯಿಂದಲೂ ನೆರವೇರಿಸುವಂತೆ ಏರ್ಪಾಡು ಮಾಡತಕ್ಕದ್ದೆಂದು ಕಾಯಿದೆಯೇ ವಿಧಿಸಿದ್ದಿತು. ಘನತೆಯೆಂದರೆ ಸಾಮಾನ್ಯವೇ! ಮುಂಬಯಿಯ ಮಲಬಾರ ಗುಡ್ಡದ ಮೇಲೊಂದು ನಿವಾಸ, ಮಳೆಗಾಲಕ್ಕೆ ಪುಣೆಯ ಗಣೇಶಖಿಂಡದಲ್ಲೊಂದು, ಬೇಸಗೆಗೆ ಮಹಾಬಳೇಶ್ವರದಲ್ಲೊಂದು. ಗಣೇಶಖಿಂಡದ ಮಂದಿರವು ಮುಂದೆ ಪುಣೆಯ ವಿದ್ಯಾಪೀಠಕ್ಕೆ ಸಂದಿತು. ಅಷ್ಟರ ಮಟ್ಟಿಗೆ ಹಣವು ಸಾರ್ಥಕವಾಯಿತೆನ್ನಬೇಕು.

ಈ ಹಣವು ಇಂಗ್ಲಂಡದಿಂದ ಬರುತ್ತಿರಲಿಲ್ಲ. ಭೂಮಿಯ ಸಾರಾ, ಅಬಕಾರಿ, ಅರಣ್ಯ, ಮುದ್ರಾಶುಲ್ಕ ಇವು ಪ್ರಾಂತದ ಬೊಕ್ಕಸದ ಮುಖ್ಯ ಆದಾಯಗಳು. ಮಲಪ್ರಭೆಯ ಬದಿಯಲ್ಲಿ ಭತ್ತ ಬೆಳೆಯುತ್ತಿದ್ದ ಖಾನಾಪುರದ ಒಕ್ಕಲಿಗನು ತೆತ್ತ ಸಾರೆಯೂ, ಆ ತಾಲೂಕಿನ ಕಾಡಿನ ಮರದ ಬೆಲೆಯೂ ಆ ಬೊಕ್ಕಸವನ್ನೇ ಸೇರುತ್ತಿದ್ದವು. ಅವನ ಮನೆಯಾಕೆ ಗಂಜಿಗೆ ಹಾಕಿದ ಉಪ್ಪಿನ ತೆರಿಗೆಯಾದರೋ ಇನ್ನೂ ದೂರ ನಡೆದು ವೈಸರಾಯರ ವೇತನ ಸಲ್ಲುತ್ತಿದ್ದ ಕೇಂದ್ರದ ಭಂಡಾರಕ್ಕೆ ಹೋಗುತ್ತಿದ್ದಿತು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಗಾಂಧೀಜಿಯವರು 1930ರ ಮಾರ್ಚ್ 2ರಂದು ವೈಸರಾಯ ಇರ್ವಿನ್ನರಿಗೆ ಬರೆದ ಪತ್ರದಲ್ಲಿ ಈ ಗಣಿತವನ್ನೇ ಬಿಡಿಸಿ ತೋರಿಸಿದರು: ವೈಸರಾಯರಿಗೆ ತಿಂಗಳಿಗೆ 21,000 ರೂಪಾಯಿ, ದಿನಕ್ಕೆ 700ಕ್ಕೂ ಮಿಕ್ಕು; ಭಾರತೀಯನ ಸರಾಸರಿ ವರಮಾನ ದಿನಕ್ಕೆ ಎರಡಾಣೆಗಿಂತ ಕಡಮೆ.

ಮೊತ್ತಕ್ಕಿಂತ ನಮ್ಮನ್ನು ಹೆಚ್ಚು ನೋಯಿಸುವುದು ಬೇರೊಂದು. ಶಾಸನಸಭೆಯ ಮತಕ್ಕೆ ಹಾಕದೆ ಬೊಕ್ಕಸದಿಂದ ನೇರವಾಗಿ ಸಲ್ಲಿಸುವ ವೆಚ್ಚಕ್ಕೆ ಇಂದಿನ ಕಾನೂನಿನ ಕನ್ನಡದಲ್ಲಿ ‘ಪ್ರಭೃತ’ ವೆಚ್ಚವೆನ್ನುವರು. ಹೊರುವುದೆಂಬ ಅರ್ಥವುಳ್ಳ ‘ಭೃ’ ಧಾತುವಿನಿಂದಲೇ ಭೃತಿ, ಭೃತ್ಯ, ಭಾರ ಎಂಬ ಶಬ್ದಗಳೂ ಹುಟ್ಟಿವೆ. ಆಗ ಭೃತಿ ಒಬ್ಬರದು, ಭಾರ ಮತ್ತೊಬ್ಬರದು. 1935ರ ಕಾಯಿದೆಯ 79ನೆಯ ಕಲಮು ಇಂಥ ವೆಚ್ಚಗಳನ್ನು ಮತಕ್ಕೆ ಹಾಕಕೂಡದೆಂದರೂ ಅವುಗಳ ಚರ್ಚೆಗೆ ಅಡ್ಡಿಯಿಲ್ಲವೆಂದಿತು; ಗವರ್ನರರ ವೇತನ, ಭತ್ಯ, ಕಚೇರಿಯ ವೆಚ್ಚಗಳಿಗೆ ಮಾತ್ರ ಆ ಚರ್ಚೆಯೂ ಇಲ್ಲ. 1937ರಲ್ಲಿ ಖೇರರ ಮಂತ್ರಿಮಂಡಲವು ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದಾಗ ಮಂತ್ರಿಗಳು ತಿಂಗಳಿಗೆ 500 ರೂಪಾಯಿ ವೇತನವನ್ನು ಸ್ವೀಕರಿಸಿದರು. ಗವರ್ನರರೊಬ್ಬರ ವೇತನದಲ್ಲಿ ಇಂಥ ಇಪ್ಪತ್ತು ಮಂತ್ರಿಗಳು! ನಮ್ಮ ಜಿಲ್ಲೆಯ ಪ್ರತಿನಿಧಿಯು ಆ 500ರ ವಿಷಯವಾಗಿ ಸಭೆಯಲ್ಲಿ ಎದ್ದುನಿಂತು ಮಾತಾಡಬಹುದಾಗಿದ್ದಿತು. 10,000ದ ವಿಷಯವಾಗಿ ಬಾಯಿ ತೆರೆಯುವಂತಿರಲಿಲ್ಲ.

1950ರ ಸಂವಿಧಾನವು ರಾಜ್ಯಪಾಲರಿಗೆ ಮೊದಲು 5,500 ರೂಪಾಯಿಗಳ ಮಾಸಿಕ ವೇತನವನ್ನು ಗೊತ್ತುಮಾಡಿತು. 2018ರಲ್ಲಿ ಅದು 3,50,000ಕ್ಕೆ ಏರಿತು. ರೂಪಾಯಿಯ ಬೆಲೆಯೇ ಬದಲಾದುದರಿಂದ ಈ ಅಂಕೆಗಳನ್ನು ಹಳೆಯವುಗಳೊಡನೆ ಹೋಲಿಸುವುದು ನ್ಯಾಯವಲ್ಲ. ಈ ವೆಚ್ಚವು ಇಂದಿಗೂ ಪ್ರಭೃತವೇ, ಮತಕ್ಕೆ ಬಾರದು. ಇದು ಸರಿಯೆಂದೇ ನಮ್ಮ ಅಭಿಪ್ರಾಯ. ಬಹುಮತವುಳ್ಳ ಪಕ್ಷದ ಮುನಿಸಿಗೆ ರಾಜ್ಯಪಾಲರ ಊಟವು ಸಿಕ್ಕಬಾರದು. ಆದರೆ 203ನೆಯ ಅನುಚ್ಛೇದವು ಹಳೆಯ ಕಲಮಿನ ಮಾತನ್ನು ಬಹುಮಟ್ಟಿಗೆ ಹಾಗೆಯೇ ಇಟ್ಟುಕೊಂಡು, ಗವರ್ನರರ ಲೆಕ್ಕವನ್ನು ಚರ್ಚೆಯಿಂದ ಹೊರಗಿಟ್ಟಿದ್ದ ಆ ತುಣುಕನ್ನು ಮಾತ್ರ ತೆಗೆದುಹಾಕಿತು.

2012ರಲ್ಲಿ ಉದ್ಘಾಟಿತವಾದ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನಗಳು ನಡೆಯುತ್ತ ಬಂದಿವೆ. ಖಾನಾಪುರದ ಶಾಸಕರು ಊರಿಂದ ಬೆಳಗ್ಗೆ ಹೊರಟರೂ ಸಾಕು, ಸಭೆ ಕೂಡುವ ಹೊತ್ತಿಗೆ ಅಲ್ಲಿರಬಹುದು. ರಾಜಭವನದ ವೆಚ್ಚವು ಅಂದಾಜುಪತ್ರಿಕೆಯಲ್ಲಿ ಬಂದಾಗ ಅದನ್ನು ಕುರಿತು ಅವರು ಏನಾದರೂ ಕೇಳಿದರೇ ಎಂದು ನಮ್ಮ ವಾಚಕರು ಅವರನ್ನೇ ಕೇಳಬಹುದು.