ಮುತ್ತಜ್ಜ ಹುಟ್ಟಿದ್ದು ಯಾವ ರಾಜ್ಯದಲ್ಲಿ?

ಹರಪನಹಳ್ಳಿಯಲ್ಲಿ ನಾಲ್ಕು ತಲೆಮಾರು ಬಾಳಿದ ಒಂದು ಮನೆತನವನ್ನು ಊಹಿಸಿಕೊಳ್ಳಿ. ಮುತ್ತಜ್ಜ ಹುಟ್ಟಿದ್ದು 1935ರಲ್ಲಿ, ಅಜ್ಜ 1958ರಲ್ಲಿ, ಅಪ್ಪ 1980ರಲ್ಲಿ, ಮಗಳು 2010ರಲ್ಲಿ. ಎಲ್ಲರದೂ ಒಂದೇ ಓಣಿ. ಶಾಲೆಯ ಪ್ರಾಜೆಕ್ಟಿಗೆಂದು ಮಗಳು ಅಂತರ್ಜಾಲದಲ್ಲಿ ವಂಶವೃಕ್ಷ ಬರೆಯಲು ಕುಳಿತರೆ, ಜನ್ಮಸ್ಥಳದ ಅಂಕಣದಲ್ಲಿ ತುಂಬಬೇಕಾದ ವಿಳಾಸ ಮಾತ್ರ ನಾಲ್ಕು ಬಗೆ!

ಮುತ್ತಜ್ಜನದು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆ. ಆ ಜಿಲ್ಲೆಯ ಬಹುಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಅಜ್ಜ ಮೈಸೂರು ರಾಜ್ಯದವರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಅಪ್ಪನದು ಕರ್ನಾಟಕದ ಬಳ್ಳಾರಿ ಜಿಲ್ಲೆ. 1997ರಲ್ಲಿ ತಾಲ್ಲೂಕು ದಾವಣಗೆರೆಗೆ ಹೋಯಿತು. ಮಗಳು ಆ ಜಿಲ್ಲೆಯವಳು. ಮುಂದೆ ತಾಲ್ಲೂಕು ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ನಾಲ್ವರಲ್ಲಿ ಒಬ್ಬರೂ ವಿಜಯನಗರ ಜಿಲ್ಲೆಯಲ್ಲಿ ಹುಟ್ಟಿದವರಲ್ಲ.

ವಂಶವೃಕ್ಷದ ತಾಣಗಳು ಸಿದ್ಧಪಟ್ಟಿಯಿಂದ ಊರಿನ ಹೆಸರನ್ನು ಸೂಚಿಸುತ್ತವೆ. ಒಬ್ಬರು ಹರಪನಹಳ್ಳಿ ಎಂದು, ಇನ್ನೊಬ್ಬರು ಹರ್ಪನಹಳ್ಳಿ ಎಂದು ಬರೆದರೂ ಊರು ಒಂದೇ ಎಂದು ಕಂಪ್ಯೂಟರಿಗೆ ತಿಳಿಯಬೇಕಲ್ಲ! ಅಷ್ಟರಮಟ್ಟಿಗೆ ಏಕರೂಪ ಬೇಕೇ ಬೇಕು. ಆದರೆ ಸೂಚನೆ ಬಂತೆಂದು ಎಲ್ಲರಿಗೂ ಇಂದಿನ ವಿಳಾಸವನ್ನೇ ಅಂಟಿಸಿದರೆ ಚರಿತ್ರೆ ಅಳಿಸಿಹೋಗುತ್ತದೆ. ಘಟನೆ ನಡೆದ ಕಾಲದ ಹೆಸರನ್ನೇ ಬರೆಯಬೇಕು ಎಂಬುದು ವಂಶಾವಳಿ ಶೋಧಕರ ಹಳೆಯ ರೂಢಿ. ಫ್ಯಾಮಿಲಿಸರ್ಚ್‌ನಂಥ ತಾಣದಲ್ಲಿ ನಾವು ಬರೆದ ರೂಪವನ್ನು ಹಾಗೇ ಉಳಿಸಿ, ಪಟ್ಟಿಯ ರೂಪವನ್ನು ಅದಕ್ಕೆ ಜೋಡಿಸಲು ಅವಕಾಶವಿದೆ. ಎರಡೂ ಇರಲಿ.

ಇದು ಬರಿಯ ಅಕ್ಷರದ ಹಟವಲ್ಲ. ಮುತ್ತಜ್ಜಿ 1940ರಲ್ಲಿ ಆದೋನಿಯಲ್ಲಿ ಹುಟ್ಟಿದವರೆನ್ನೋಣ. ‘ಆದೋನಿ, ಆಂಧ್ರಪ್ರದೇಶ’ ಎಂದು ಬರೆದರೆ ಓದಿದವರು ಸೊಸೆಯನ್ನು ಹೊರರಾಜ್ಯದಿಂದ ತಂದರೆಂದೇ ತಿಳಿಯುತ್ತಾರೆ. ನಿಜವಾಗಿ ಆಗ ಆದೋನಿಯೂ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಗಡಿ ದಾಟಿ ಬಂದದ್ದು ಸೊಸೆಯಲ್ಲ, ಇಬ್ಬರು ಬೀಗರ ನಡುವೆ ಗಡಿಯೇ ಬಂದು ನಿಂತಿತು. ಕಾಗದಪತ್ರ ಹುಡುಕುವವರಿಗೂ ಇದರಿಂದ ಪ್ರಯೋಜನವುಂಟು. ಮದ್ರಾಸ್ ಸರ್ಕಾರದ ಹಳೆಯ ಕಡತಗಳಿರುವುದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ. ‘ಕರ್ನಾಟಕ’ ಎಂದಷ್ಟೇ ಬರೆದಿಟ್ಟುಕೊಂಡವರು ಅಲ್ಲಿಗೆ ಹೋಗುವ ಯೋಚನೆಯನ್ನೇ ಮಾಡಲಾರರು.

ಬರೆಯುವಾಗ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದು ವಾಡಿಕೆ. ತಾಲ್ಲೂಕು ಖಚಿತವಿಲ್ಲದಿದ್ದರೆ ಖಾಲಿ ಬಿಡುವುದೇ ಮೇಲು. ಹೊಸಹಳ್ಳಿ, ರಾಂಪುರ ಎಂಬ ಹೆಸರಿನ ಊರುಗಳು ನಾಡಿನ ತುಂಬ ಇವೆ. ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿದರೆ ಮನೆತನವೇ ಬೇರೆ ಜಿಲ್ಲೆಗೆ ಗುಳೆ ಹೋದೀತು! ಮನೆಯ ಹಿರಿಯರಿಗೆ ತಾಲ್ಲೂಕು ನೆನಪಿರದಿದ್ದರೆ, ಯಾವ ಊರಿನ ಸಂತೆಗೆ ಹೋಗುತ್ತಿದ್ದಿರಿ, ಕಂದಾಯ ಎಲ್ಲಿ ಕಟ್ಟುತ್ತಿದ್ದಿರಿ ಎಂದು ಕೇಳಿನೋಡಬಹುದು.