ವಿಳಾಸ ಉಳಿಯಿತು, ಮನೆ ಬಿತ್ತು

ಯುಗಾದಿಗೆ ಹಿರಿಯೂರಿಗೆ ಹೋಗಿದ್ದೆ. ಊಟ ಮಾಡ್ತಾ ಅಪ್ಪ ಕೇಳಿದರು, "ಮಾರಿಕಣಿವೆ ಕೋಡಿ ಬಿದ್ದಾಗ ಒಬ್ಬರು ಬರೆದಿದ್ದನ್ನ ಓದಿ ಹೇಳಿದ್ಯಲ್ಲಪ್ಪಾ, ಹಿಂದಿನ ಕೋಡಿ ವಿಷಯ... ಅದನ್ನ ಇನ್ನೊಂದ್ಸಲ ಓದು."

ನಾನು ಬೀಗುತ್ತಾ ಮೊಬೈಲ್ ತೆಗೆದೆ. ಸಾಫ್ಟ್‌ವೇರ್ ಎಂಜಿನಿಯರ್ ಅಂದಮೇಲೆ ಇಷ್ಟೂ ಇಟ್ಟುಕೊಂಡಿರಲ್ವೇ? 1933ರ ನಂತರ ಮೊದಲ ಸಲ, 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಹರಿದಾಗ ಸಿಕ್ಕ ಬರಹ, ಫೋಟೋ, ವಿಡಿಯೋಗಳ ಲಿಂಕನ್ನೆಲ್ಲ ಟ್ಯಾಗ್ ಹಾಕಿ ಗುಡ್ಡೆ ಹಾಕಿಕೊಂಡಿದ್ದೆ. ಹುಡುಕಿದೆ. ಲಿಂಕ್ ಸಿಕ್ಕಿತು. ಒತ್ತಿದೆ. ಪುಟವೇ ಇಲ್ಲ!

ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಕಡೆಯ ಹಿರಿಯರೊಬ್ಬರ ಬ್ಲಾಗ್ ಅದು. 1933ರಲ್ಲಿ ಅವರ ತಂದೆ ಗಾಡಿ ಕಟ್ಟಿಕೊಂಡು ಕೋಡಿ ನೋಡಲು ಹೋದದ್ದು, ಕೋಡಿಯ ಸಂಭ್ರಮದ ಜೊತೆಗೇ ಹಿನ್ನೀರಿನವರಿಗಿದ್ದ ಮುಳುಗಡೆಯ ಭಯ, ಎಲ್ಲಾ ಬರೆದಿದ್ದರು. ಪತ್ರಿಕೆಗಳಲ್ಲಿ ನಾನು ಅದನ್ನು ಓದಿರಲಿಲ್ಲ. ಅವರು ಈಗ ಇಲ್ಲವಂತೆ. ಬ್ಲಾಗೂ ಇಲ್ಲ. ಅಪ್ಪ "ಹೋಗ್ಲಿ ಬಿಡು" ಅಂದು ಮಜ್ಜಿಗೆ ಬಡಿಸಿಕೊಂಡರು. ನನಗೆ ಊಟ ಸೇರಲಿಲ್ಲ.

ಬುಕ್‌ಮಾರ್ಕ್ ಮಾಡುವ ಸಾಧನವನ್ನು ಬೈಯೋಣ ಅಂದರೆ ಅದರದ್ದೇನೂ ತಪ್ಪಿಲ್ಲ. ನಾನು ಕೊಟ್ಟ ವಿಳಾಸವನ್ನು ಅದು ಜೋಪಾನವಾಗಿ ಇಟ್ಟುಕೊಂಡಿತ್ತು. ಮನೆಯೇ ಬಿದ್ದುಹೋದ ಮೇಲೆ ವಿಳಾಸ ಇಟ್ಟುಕೊಂಡು ಏನು ಮಾಡೋದು?

ಈ ಸಾಧನಗಳಾದರೂ ಶಾಶ್ವತವೇ? ಡೆಲಿಷಿಯಸ್ 2003ರಲ್ಲಿ ಶುರುವಾಯಿತು. ಟ್ಯಾಗ್ ಹಾಕಿ ಹಂಚಿಕೊಳ್ಳುವ ರೂಢಿಯನ್ನು ಊರಿಗೆಲ್ಲ ಹಬ್ಬಿಸಿದ್ದು ಅದೇ. 2005ರಲ್ಲಿ ಯಾಹೂ ಕೊಂಡುಕೊಂಡಿತು, ಮುಂದೆ ಕೈ ಬದಲಾಗುತ್ತಾ 2017ರಲ್ಲಿ ಪಿನ್‌ಬೋರ್ಡ್ ಪಾಲಾಯಿತು, ಹೊಸ ಲಿಂಕ್ ಸೇರಿಸುವುದು ಅಲ್ಲಿಗೆ ನಿಂತಿತು. ಮ್ಯಾಗ್ನೋಲಿಯಾದ್ದು ಇನ್ನೂ ದಾರುಣ: 2009ರ ಜನವರಿಯಲ್ಲಿ ಡೇಟಾಬೇಸೇ ಕೆಟ್ಟು ಜನರ ಸಂಗ್ರಹ ಹೋಯಿತು. ಸ್ಟಂಬಲ್‌ಅಪಾನ್ 2018ರಲ್ಲಿ, ಗೂಗಲ್ ಬುಕ್‌ಮಾರ್ಕ್ಸ್ 2021ರಲ್ಲಿ, ಪಾಕೆಟ್ 2025ರ ಜುಲೈನಲ್ಲಿ ಬಾಗಿಲು ಹಾಕಿದವು. ದೊಡ್ಡ ಕಂಪನಿ ಅನ್ನೋ ಧೈರ್ಯಕ್ಕೆ ಅರ್ಥವಿಲ್ಲ.

ಹಾಗಾದರೆ ಈಗ ಯಾವುದನ್ನು ಬಳಸಬೇಕು? ನನ್ನ ಅನುಭವದ ಲೆಕ್ಕ ಹೇಳ್ತೀನಿ.

ಬ್ರೌಸರಿನದೇ ಬುಕ್‌ಮಾರ್ಕ್: ದುಡ್ಡಿಲ್ಲ, ತಂಟೆಯಿಲ್ಲ. ಎಲ್ಲವನ್ನೂ ಒಂದು ಎಚ್‌ಟಿಎಂಎಲ್ ಕಡತವಾಗಿ ಹೊರತೆಗೆಯಬಹುದು. ಆದರೆ ಹಂಚಿಕೊಳ್ಳಲು ಒಗ್ಗುವುದಿಲ್ಲ.

ರೈನ್‌ಡ್ರಾಪ್: ನೋಡಲು ಚೆಂದ, ಒಂದು ಸಂಗ್ರಹವನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬಹುದು. ಪುಟದ ಪ್ರತಿಯನ್ನೂ ಅದೇ ಇಟ್ಟುಕೊಳ್ಳಬೇಕೆಂದರೆ ದುಡ್ಡು ಕೊಡಬೇಕು.

ಪಿನ್‌ಬೋರ್ಡ್: 2009ರಿಂದ ಇದೆ, ಹಣ ಕೊಟ್ಟು ಬಳಸುವಂಥದ್ದು. ಅಲಂಕಾರ ಸೊನ್ನೆ. ಹೆಚ್ಚಿನ ಹಣ ಕೊಟ್ಟರೆ ಪುಟದ ಪ್ರತಿಯನ್ನೂ ಇಡುತ್ತದೆ.

ವಾಲಬ್ಯಾಗ್: ಮುಕ್ತ ತಂತ್ರಾಂಶ. ಬರಹವನ್ನೇ ಎತ್ತಿ ಇಟ್ಟುಕೊಳ್ಳುತ್ತದೆ, ನಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಆದರೆ ಆ ಸರ್ವರನ್ನು ಸಾಕೋದು ಎಮ್ಮೆ ಸಾಕಿದ ಹಾಗೆ :)

ವಾಟ್ಸಾಪ್ ಗುಂಪು: ನಮ್ಮೂರಲ್ಲಿ ಗೆದ್ದಿರೋದು ಇದೇ. ಬೆಳಿಗ್ಗೆ ಹಾಕಿದ್ದು ಸಂಜೆ ಹೊತ್ತಿಗೆ ಶುಭೋದಯಗಳ ಕೆಳಗೆ ಹೂತುಹೋಗಿರುತ್ತದೆ.

ಇನ್ನು ನಮ್ಮ ಕನ್ನಡದ ತೊಂದರೆಗಳೇ ಬೇರೆ. ಒಂದೇ ಅಣೆಕಟ್ಟೆಗೆ ಮಾರಿಕಣಿವೆ, ವಾಣಿವಿಲಾಸ ಸಾಗರ, ವಿ.ವಿ. ಸಾಗರ ಅಂತ ಮೂರು ಹೆಸರು. ಟ್ಯಾಗ್ ಹಾಕುವವನು ಒಂದು ಹಾಕಿದರೆ ಹುಡುಕುವವನು ಇನ್ನೊಂದು ಹುಡುಕುತ್ತಾನೆ. 'ಹೊಳಲ್ಕೆರೆ', 'ಹೊಳಲ್‌ಕೆರೆ' ಎರಡೂ ನಮಗೆ ಒಂದೇ ಊರು. ಎರಡನೆಯದರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುವುದರಿಂದ ಕಂಪ್ಯೂಟರಿಗೆ ಅವು ಎರಡು ಊರು! ವಿಳಾಸದ್ದೂ ಅದೇ ಕತೆ. ವಿಕಿಪೀಡಿಯದ 'ಚಿತ್ರದುರ್ಗ' ಪುಟದ ಲಿಂಕ್ ಅಂಟಿಸಿದರೆ ಎಷ್ಟೋ ಸಲ ಊರಿನ ಹೆಸರೊಂದೇ ಶೇಕಡಾ ಚಿಹ್ನೆಗಳಿಂದ ತುಂಬಿದ 90 ಚಿಹ್ನೆಗಳ ಸಾಲಾಗುತ್ತದೆ. ಅದನ್ನು ನೋಡಿ ಅದು ನಮ್ಮ ದುರ್ಗ ಅಂತ ಯಾರು ಹೇಳಿಯಾರು? ಯೂನಿಕೋಡ್ ಬರುವ ಮುಂಚಿನ ಹಳೆಯ ಪುಟಗಳಂತೂ ಆ ಫಾಂಟ್ ಇಲ್ಲದಿದ್ದರೆ ಬರೀ ಗೋಜಲು.

ಹಾಗಾಗಿ ನನ್ನ ಮಾತು ಇಷ್ಟೇ. ಯಾವ ಸಾಧನ ಚೆನ್ನ ಎನ್ನುವುದು ಎರಡನೇ ಪ್ರಶ್ನೆ. ಪುಟದ ಪ್ರತಿ ಎಲ್ಲಿದೆ ಎನ್ನುವುದು ಮೊದಲನೆಯದು. ನಾನು ಈಗ ಮಾಡ್ತಿರೋದು ಹೀಗೆ: ಉಳಿಸಬೇಕು ಅನ್ನಿಸಿದ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೂ ಕೊಡ್ತೀನಿ. ಅಲ್ಲಿ ವಿಳಾಸ ಹಾಕಿ ಉಳಿಸು ಅಂದರೆ ಸಾಕು, ಬಿಟ್ಟಿ. (ಆ ಹಿರಿಯರ ಪುಟವನ್ನು ಅಲ್ಲೂ ಹುಡುಕಿದೆ, ಇರಲಿಲ್ಲ. 2022ರಲ್ಲಿ ನಾನೇ ಎರಡು ನಿಮಿಷ ಕೊಟ್ಟಿದ್ದರೆ ಸಿಗುತ್ತಿತ್ತೇನೋ.) ಜೊತೆಗೊಂದು ಪಿಡಿಎಫ್ ನನ್ನ ಹತ್ತಿರ. ಲಿಂಕಿನ ಜೊತೆ ಕನ್ನಡದಲ್ಲಿ ಒಂದು ಸಾಲಿನ ಟಿಪ್ಪಣಿ, ಊರಿನ ಎಲ್ಲಾ ಹೆಸರುಗಳ ಟ್ಯಾಗ್. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಇಡೀ ಪಟ್ಟಿಯನ್ನು ಹೊರತೆಗೆದು ಇಟ್ಟುಕೊಳ್ಳೋದು.

ಇನ್ನೊಬ್ಬರ ಬರಹದ ಪ್ರತಿ ಇಟ್ಟುಕೊಳ್ಳೋದು ಕದ್ದಂತಲ್ವಾ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ನಮ್ಮ ಬರಹಗಳನ್ನು ಹೆಸರು ಕಿತ್ತು ಫಾರ್ವರ್ಡ್ ಮಾಡೋರ ಮೇಲೆ ನನಗೂ ಸಿಟ್ಟಿದೆ. ಹಂಚುವಾಗ ಬರೆದವರ ಹೆಸರು, ಅವರದೇ ಲಿಂಕ್ ಕೊಡೋಣ. ಪ್ರತಿ ನಮ್ಮ ಓದಿಗೆ ಮನೆಯಲ್ಲಿರಲಿ. ಹಾಗೇ ನಾವು ಬರೆಯುವವರೂ ನಮ್ಮ ಬ್ಲಾಗಿನ ಪ್ರತಿ ತೆಗೆದಿಟ್ಟು, ಅದು ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿರೋಣ. ಈ ಬ್ಲಾಗ್ ನಿಂತಿರೋದೂ ಬಿಟ್ಟಿ ಜಾಗದಲ್ಲೇ ತಾನೇ.

ಕೊನೆಗೊಂದು ವಿನಂತಿ. 1933ರ ಕೋಡಿಯ ಬಗ್ಗೆ ಹೊಸದುರ್ಗ ಕಡೆಯವರೊಬ್ಬರು ಬರೆದ ಆ ಪುಟವನ್ನು ನಿಮ್ಮಲ್ಲಿ ಯಾರಾದರೂ ಉಳಿಸಿಕೊಂಡಿದ್ದರೆ ದಯವಿಟ್ಟು ಕೆಳಗೆ ತಿಳಿಸಿ. ಅಪ್ಪನಿಗೆ ಓದಿ ಹೇಳೋದು ಬಾಕಿ ಇದೆ.